ಜಮಾದಾರರ ಭುಜ

ವಿಮಾನದ ರೆಕ್ಕೆಗಾಗುವ ನೋವು ಅದನ್ನು ಹಾರಿಸುವವನ ಮೈಗೂ ತಿಳಿಯುವಂತಿದ್ದರೆ ಹೇಗೆ?

ಈ ಯೋಚನೆ ಸುಗುಣಾಳಿಗೆ ಬಂದದ್ದು ಹಲಸೂರಿನಲ್ಲಿ, ಗಂಡನ ಕ್ಲಿನಿಕ್ಕಿನಲ್ಲಿ ಕೂತಿದ್ದಾಗ. ಮುನಿರಾಜು ಫಿಸಿಯೋಥೆರಪಿಸ್ಟ್. ಭುಜ ಉಳುಕಿಸಿಕೊಂಡು ಬಂದಿದ್ದ ಕಬಡ್ಡಿ ಆಟಗಾರನೊಬ್ಬನ ತೋಳನ್ನು ಮೆಲ್ಲಗೆ ಮೇಲಕ್ಕೆತ್ತುತ್ತ, "ನೋವಾದ ಕಡೆ ಹೇಳಪ್ಪ, ಅಲ್ಲಿಗೇ ನಿಲ್ಲಿಸ್ತೀನಿ" ಅನ್ನುತ್ತಿದ್ದ. ಆಟಗಾರನ ಮುಖ ಕಿವುಚಿಕೊಂಡಿತು. ಮುನಿರಾಜು ನಿಲ್ಲಿಸಿದ. ಮನೆಗೆ ಹೋಗಲು ಗಂಡನಿಗಾಗಿ ಕಾಯುತ್ತಿದ್ದ ಸುಗುಣಾ ಆಮೇಲೆ ದಾರಿಯುದ್ದಕ್ಕೂ ತನ್ನ ತೋಳನ್ನೇ ಎತ್ತಿ ಇಳಿಸಿ ನೋಡಿಕೊಳ್ಳುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನ ಒಂದು ಸಣ್ಣ ವಿಮಾನ ತಯಾರಿಕಾ ಕಂಪನಿಯಲ್ಲಿ. ಮೂವತ್ತು ಸೀಟಿನ, ಎರಡು ಪ್ರೊಪೆಲ್ಲರ್‌ಗಳ 'ಟಿಟ್ಟಿಭ' ಅವರ ವಿಮಾನ. ಬೀದರ್, ಕಲಬುರಗಿ, ಬಳ್ಳಾರಿಗಳಿಗೆ ಬಸ್ಸಿನಂತೆ ಓಡಾಡಲಿ ಎಂದೇ ಮಾಡಿದ್ದು. ಅದು ಎಷ್ಟು ವೇಗದಲ್ಲಿ ಹಾರಬಹುದು, ಎಲ್ಲಿಂದಾಚೆ ಹಾರಕೂಡದು ಎಂದು ನಿರ್ಧರಿಸುವ ತಂಡಕ್ಕೆ ಸುಗುಣಾ ಮುಖ್ಯಸ್ಥೆ. ಟಿಟ್ಟಿಭದ ಮಿತಿ ಇನ್ನೂರೈವತ್ತು ನಾಟ್. ನಮ್ಮ ನಿಮ್ಮ ಲೆಕ್ಕದಲ್ಲಿ ಗಂಟೆಗೆ ನಾನೂರ ಅರವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಅದನ್ನು ದಾಟಿದರೆ ವೇಗದ ಮುಳ್ಳು ಕೆಂಪು ಬಿಳಿ ಪಟ್ಟೆಯೊಳಗೆ ಹೋಗುತ್ತದೆ, ಕಾಕ್‌ಪಿಟ್ಟಿನಲ್ಲಿ ಕಟಕಟ ಎಂಬ ಎಚ್ಚರಿಕೆಯ ಸದ್ದು ಶುರುವಾಗುತ್ತದೆ.

"ದಾಟಿದ ಕೂಡಲೇ ಮುರಿದು ಬೀಳುತ್ತಾ?" ಊಟಕ್ಕೆ ಕೂತಾಗ ಮುನಿರಾಜು ಕೇಳಿದ.

"ಇಲ್ಲ ರೀ. ಮುರಿಯೋ ವೇಗ ಇನ್ನೂ ಮುಂದಿದೆ. ನಡುವೆ ಒಂದಿಷ್ಟು ಜಾಗ ಬಿಟ್ಟಿರ್ತೀವಿ. ಮೋಡದೊಳಗೆ ಗಾಳಿ ಒದೆಯುತ್ತೆ, ಇಳಿಯೋವಾಗ ಗೊತ್ತಾಗದ ಹಾಗೆ ವೇಗ ಏರುತ್ತೆ, ಪೈಲಟ್‌ಗೆ ಗಮನ ತಪ್ಪುತ್ತೆ. ಅದಕ್ಕೆಲ್ಲ ಸೇರಿ ಆ ಜಾಗ."

"ಮುರಿಯೋದಾದ್ರೂ ಹೇಗೆ? ಗಾಳಿ ತಾನೇ?"

ಸುಗುಣಾ ಚಪಾತಿಯ ಒಂದು ತುದಿ ಹಿಡಿದು ಫ್ಯಾನಿನ ಗಾಳಿಗೆ ಒಡ್ಡಿದಳು. ಅದು ಪಟಪಟ ಬಡಿದುಕೊಂಡಿತು. "ಈಗ ಇದು ಬಡ್ಕೊಳ್ತಿದೆಯಲ್ಲ, ಹೀಗೇ. ರೆಕ್ಕೆಯೂ ಬಾಲವೂ ಗಾಳಿಯಲ್ಲಿ ಸ್ವಲ್ಪ ನಡುಗ್ತಾನೇ ಇರ್ತವೆ. ಮಾಮೂಲಿ ವೇಗದಲ್ಲಿ ಆ ನಡುಕವನ್ನ ಗಾಳಿಯೇ ಅಡಗಿಸುತ್ತೆ. ಒಂದು ವೇಗ ದಾಟಿದ ಮೇಲೆ ಅದೇ ಗಾಳಿ ನಡುಕಕ್ಕೆ ಬಲ ಕೊಡೋಕೆ ಶುರು ಮಾಡುತ್ತೆ. ಆಮೇಲೆ ಎಣಿಸೋಕೂ ಪುರುಸೊತ್ತಿರಲ್ಲ."

"ಚಪಾತಿ ತಿನ್ನು" ಎಂದ ಮುನಿರಾಜು.

ಆ ಜಾಗದ ವಿಷಯವೇ ಅವಳನ್ನು ಕೊರೆಯುತ್ತಿತ್ತು. ಶಾಂತ ಆಕಾಶಕ್ಕೂ ಬಿರುಗಾಳಿಯ ಮೋಡಕ್ಕೂ ಒಂದೇ ಗೆರೆ, ಹೊಸ ವಿಮಾನಕ್ಕೂ ಹತ್ತು ವರ್ಷ ದುಡಿದ ವಿಮಾನಕ್ಕೂ ಒಂದೇ ಗೆರೆ. ರೆಕ್ಕೆಗೆ ಆ ಹೊತ್ತಿನಲ್ಲಿ ಎಷ್ಟು ಭಾರವಾಗುತ್ತಿದೆ ಎಂಬುದು ಮುಳ್ಳಿಗೆ ಗೊತ್ತಿಲ್ಲ. ರೆಕ್ಕೆಗೆ ಗೊತ್ತು, ಅದಕ್ಕೆ ಬಾಯಿಲ್ಲ.

ಹಾಗೆ ಹುಟ್ಟಿದ್ದು ಆ ಬನಿಯನ್. ರೆಕ್ಕೆಯನ್ನೂ ಬಾಲವನ್ನೂ ಕಟ್ಟುವಾಗಲೇ ಅವುಗಳ ಪದರಗಳ ನಡುವೆ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳನ್ನು ಹಾಸಿದರು. ರೆಕ್ಕೆ ಬಾಗಿದರೆ ಎಳೆಯೊಳಗೆ ಹರಿಯುವ ಬೆಳಕು ಬದಲಾಗುತ್ತದೆ. ಕಂಪ್ಯೂಟರ್ ಅದನ್ನು ಓದಿ ಪೈಲಟ್ ಸಮವಸ್ತ್ರದೊಳಗೆ ತೊಟ್ಟ ಬನಿಯನ್ನಿಗೆ ಕಳಿಸುತ್ತದೆ. ಭುಜದ ಮೇಲೆ, ಬೆನ್ನಿನ ಕೆಳಗೆ ಅಂಟಿಕೊಂಡ ಸಣ್ಣ ಬಿಲ್ಲೆಗಳು ಚರ್ಮವನ್ನು ಹಿಂಡುತ್ತವೆ. ರೆಕ್ಕೆಗೆ ಭಾರವಾದರೆ ಭುಜಕ್ಕೆ ಭಾರ, ಬಾಲ ನಡುಗಿದರೆ ಸೊಂಟಕ್ಕೆ ನಡುಕ. ಬಿಲ್ಲೆಗಳನ್ನು ಎಲ್ಲೆಲ್ಲಿ ಇಡಬೇಕೆಂದು ಗುರುತು ಹಾಕಿಕೊಟ್ಟವನು ಮುನಿರಾಜು. ಕಂಪನಿ ಅದಕ್ಕೊಂದು ದೊಡ್ಡ ಹೆಸರಿಟ್ಟಿತ್ತು. ಪೈಲಟ್‌ಗಳ ಬಾಯಲ್ಲಿ ಅದು ಬನಿಯನ್ ಆಗಿಯೇ ಉಳಿಯಿತು.

ಮೊದಲು ತೊಟ್ಟವರು ಕ್ಯಾಪ್ಟನ್ ಇಮಾಮಸಾಬ ಜಮಾದಾರ. ವಿಜಯಪುರದವರು, ವಾಯುಪಡೆಯಿಂದ ನಿವೃತ್ತರಾಗಿ ಕಂಪನಿಯ ಪರೀಕ್ಷಾ ಪೈಲಟ್ ಆಗಿದ್ದವರು. ಮೊದಲ ಹಾರಾಟ ಮುಗಿಸಿ ಇಳಿದವರು ಎಷ್ಟೋ ಹೊತ್ತು ವಿಮಾನದ ರೆಕ್ಕೆಯ ಕೆಳಗೇ ನಿಂತಿದ್ದರು. ಸುಗುಣಾ ಓಡಿಹೋಗಿ ಕೇಳಿದಳು, "ಸರ್, ಹೇಗನ್ನಿಸ್ತು?"

"ಮೇಡಂ, ಮೂವತ್ತ ವರ್ಷ ವಿಮಾನದ ಮ್ಯಾಲೆ ಕುಂತಿದ್ದೆ ನೋಡ್ರಿ" ಎಂದರು ಅವರು. "ಇವತ್ತ ನಾನ ವಿಮಾನ ಆಗಿದ್ದೆ." ಆಮೇಲೆ ನಗುತ್ತ ತಮ್ಮ ಎಡಭುಜ ಒತ್ತಿಕೊಂಡರು. "ಈ ಎಡಗಡೆ ರೆಕ್ಕಿ ಬುಡದಾಗ ಏನೋ ಐತ್ರಿ. ಹೊರಳಿಸಿದಾಗೊಮ್ಮೆ ಚುಚ್ಚತೈತಿ." ಬಿಚ್ಚಿ ನೋಡಿದರೆ ಒಂದು ಬೋಲ್ಟು ಸಡಿಲಾಗಿತ್ತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಏರ್‌ಲೈನ್ ತನ್ನ ಎಲ್ಲ ಟಿಟ್ಟಿಭಗಳ ಪೈಲಟ್‌ಗಳಿಗೂ ಬನಿಯನ್ ತೊಡಿಸಿತು. ಅವರಿಗೆ ಕಲಿಸಲು ಜಮಾದಾರರೂ ಆ ಏರ್‌ಲೈನಿಗೇ ಹೋಗಿ ಮಾರ್ಗದ ಪೈಲಟ್ ಆದರು. ಜನ ಬೇಗ ಹೊಂದಿಕೊಂಡರು. ಗಾಳಿ ಒರಟಾದ ಕಡೆ ಪೈಲಟ್‌ಗಳ ಭುಜ ಹಿಂಡಿದಂತಾಗುತ್ತಿತ್ತು, ಅವರು ತಾವಾಗಿಯೇ ವೇಗ ಇಳಿಸುತ್ತಿದ್ದರು. ಒಳಗೆ ಕೂತವರಿಗೆ ಕುಲುಕಾಟವೇ ಇಲ್ಲ. ಬಸುರಿಯರು, ಆಪರೇಷನ್ ಆದವರು, ವಾಂತಿಗೆ ಹೆದರಿ ಪ್ರಯಾಣವನ್ನೇ ಬಿಟ್ಟಿದ್ದ ಮುದುಕರು ಟಿಕೆಟ್ ಕೊಳ್ಳುವಾಗ "ಬನಿಯನ್ ವಿಮಾನಾನಾ?" ಎಂದು ಕೇಳುವ ಮಟ್ಟಿಗೆ ಅದು ಹೆಸರಾಯಿತು.

ಸುಗುಣಾ ಒಮ್ಮೆ ಕಲಬುರಗಿಗೆ ಹೋಗುವಾಗ ಜಮಾದಾರರೇ ಹಾರಿಸುತ್ತಿದ್ದರು. ಗಗನಸಖಿ ಕಸ್ತೂರಿ ರಾಠೋಡ, ಚಿಂಚೋಳಿ ಕಡೆಯ ಹುಡುಗಿ, ವಿಮಾನ ಇಳಿಯಲು ಶುರುಮಾಡಿದ್ದರೂ ಎರಡು ಸಾಲುಗಳ ನಡುವೆ ಆರಾಮಾಗಿ ನಿಂತು ಮಜ್ಜಿಗೆಯ ಲೋಟಗಳನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು.

"ನೀವು ಕೂತ್ಕೊಂಡು ಬೆಲ್ಟ್ ಹಾಕ್ಕೋಬೇಕಲ್ವಾ ಈಗ?" ಎಂದಳು ಸುಗುಣಾ.

"ಕೂಡಬೇಕ್ರಿ ಮೇಡಂ. ಆದ್ರ ಇವತ್ತ ಜಮಾದಾರ ಸರ್ ಅದಾರ." ಕಸ್ತೂರಿ ಕಣ್ಣು ಮಿಟುಕಿಸಿದಳು. "ಅವರಿದ್ರ ನಮ್ಮನಿ ಪಡಸಾಲ್ಯಾಗ ಅಡ್ಡಾಡಿದಂಗ ಅಡ್ಡಾಡಬಹುದು."

ಸುಗುಣಾಳಿಗೆ ಆ ಮಾತು ಯಾವ ಪ್ರಶಸ್ತಿಗಿಂತಲೂ ಕಡಿಮೆ ಅನ್ನಿಸಲಿಲ್ಲ.

ತಕರಾರು ಬಂದದ್ದು ಏರ್‌ಲೈನಿನಿಂದ. ಬನಿಯನ್ ತೊಟ್ಟವರು ನಿಧಾನವಾಗಿ ಹಾರಿಸುತ್ತಾರೆ. ಮುಂಗಾರಿಗೆ ಮೊದಲಿನ ಬಿಸಿಲ ದಿನಗಳಲ್ಲಂತೂ ನೆಲದಿಂದ ಏಳುವ ಗಾಳಿಗೆ ಭುಜ ಹಿಂಡಿ, ಇನ್ನೂರ ಹತ್ತು ನಾಟಿಗೆ ಇಳಿಸಿಬಿಡುತ್ತಾರೆ. ಬೀದರಿನಿಂದ ಬಂದವರಿಗೆ ಬೆಂಗಳೂರಿನಲ್ಲಿ ಮುಂದಿನ ವಿಮಾನ ತಪ್ಪುತ್ತಿದೆ. ಹೀಗೇ ಆದರೆ ಹೊಸ ವಿಮಾನಗಳನ್ನು ಬೇರೆಯವರಿಂದ ಕೊಳ್ಳುತ್ತೇವೆ ಎಂದರು.

ಸುಗುಣಾಳ ಕಂಪನಿಯಲ್ಲಿ ಟಿಟ್ಟಿಭ ಯೋಜನೆಯ ಮುಖ್ಯಸ್ಥನಾಗಿದ್ದ ಹರಿದಾಸ್ ಕೆಟ್ಟವನಲ್ಲ. ಇನ್ನೂರು ಜನರ ಕೆಲಸ ಅವನ ತಲೆಯ ಮೇಲಿತ್ತು. "ಮಿತಿ ದಾಟಿ ಅಂತ ನಾನು ಹೇಳ್ತಿಲ್ಲ ಸುಗುಣಾ" ಎಂದ. "ನೀವೇ ಹಾಕಿದ ಮಿತಿ ಇನ್ನೂರೈವತ್ತು. ಅಲ್ಲೀತನಕನಾದ್ರೂ ಹೋಗಲಿ. ಬನಿಯನ್ ಅವರಿಗೆ ಬೇಕಾದ್ದಕ್ಕಿಂತ ಜಾಸ್ತಿ ನೋವು ಕೊಡ್ತಿದೆ. ಒಂದು ಮೂರನೇ ಭಾಗ ಇಳಿಸಿ."

"ಇಳಿಸಿದ್ರೆ ಸಣ್ಣ ನಡುಕಗಳು ಚರ್ಮದವರೆಗೆ ಬರೋದೇ ಇಲ್ಲ."

"ಬರದಿದ್ರೆ ಏನಾಯ್ತು? ಮುಳ್ಳಿದೆ, ಪಟ್ಟೆ ಇದೆ, ಕಟಕಟ ಇದೆ. ಬನಿಯನ್ ಬರೋ ಮುಂಚೆ ಎಲ್ಲರೂ ಅದನ್ನೇ ನೋಡ್ಕೊಂಡು ಹಾರಿಸ್ತಿರಲಿಲ್ವಾ?"

ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿಯೇ ಇತ್ತು. "ಹಾಗಾದ್ರೆ ಪೈಲಟ್‌ಗಳಿಗೆ ತಿಳಿಸಿಬಿಡೋಣ" ಎಂದಳು.

"ಎಷ್ಟು ಇಳಿಸಿದ್ದೀವಿ ಅಂತ ಹೇಳಿದ್ರೆ ಅವರು ಮನಸ್ಸಲ್ಲೇ ಅಷ್ಟು ಸೇರಿಸಿಕೊಂಡು ಮತ್ತೆ ಇನ್ನೂರ ಹತ್ತಕ್ಕೇ ಬರ್ತಾರೆ. ತೊಡೋಕೆ ಇನ್ನೂ ಹಿತವಾಗಿ ಮಾಡಿದ್ದೀವಿ ಅಂತ ಹೇಳೋಣ. ಸುಳ್ಳೇನಲ್ಲವಲ್ಲ."

ಸುಗುಣಾ ಒಪ್ಪಿದಳು. ಬದಲಾವಣೆಯನ್ನು ಅವಳೇ ಮಾಡಿದಳು, ಕಂಪ್ಯೂಟರಿನಲ್ಲಿ ಒಂದು ಅಂಕಿಯ ಜಾಗದಲ್ಲಿ ಇನ್ನೊಂದು ಅಂಕಿ. ಮನೆಯಲ್ಲಿ ಮುನಿರಾಜುವಿಗೆ ಹೇಳಿದಾಗ ಅವನು ಸೊಪ್ಪು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಮ್ಯಾಚಿನ ದಿನ ಹುಡುಗರಿಗೆ ನೋವಿನ ಇಂಜೆಕ್ಷನ್ ಕೊಡಿಸ್ತಾರೆ" ಎಂದ. "ಕೊಟ್ಟಿದ್ದೀವಿ ಅಂತ ಹುಡುಗನಿಗೆ ಗೊತ್ತಿದ್ರೆ ಅವನು ಹುಷಾರಾಗಿರ್ತಾನೆ. ಗೊತ್ತಿಲ್ಲದೆ ಕೊಟ್ಟರೆ ವಾಸಿಯಾಗಿದೆ ಅಂದ್ಕೊಂಡು ಮೈಮೇಲೆ ಬೀಳ್ತಾನೆ."

"ನಿಮ್ಮ ಕಬಡ್ಡಿನೂ ವಿಮಾನನೂ ಒಂದೇನಾ?" ಸುಗುಣಾ ಸಿಡುಕಿದಳು. ಮುನಿರಾಜು ಮತ್ತೆ ಸೊಪ್ಪಿಗೆ ಕೈ ಹಾಕಿದ.

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಜಮಾದಾರರ ಫೋನು ಬಂತು. ಸುಗುಣಾ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಳು.

"ಮೇಡಂ, ರಜಾ ದಿನ ತ್ರಾಸ ಕೊಡಾಕತ್ತೀನಿ, ತಪ್ಪ ತಿಳೀಬ್ಯಾಡ್ರಿ. ಬನಿಯನ್ನಾಗ ಏನರ ಬದಲ್ ಮಾಡೀರೇನು?"

ಅವಳ ಕೈ ಸೌಟಿನ ಮೇಲೇ ನಿಂತಿತು. "ಯಾಕೆ ಸರ್?"

"ಯಾಕೋ ಸುಮ್ಮ ಆಗೈತ್ರಿ ಅದು. ಮೊದಲ ಮೋಡದ ಅಂಚಿಗೆ ಹ್ವಾದ್ರ ಸಾಕು, ಭುಜದ ಮ್ಯಾಲೆ ಯಾರೋ ಕೈ ಇಟ್ಟಂಗ ಆಗ್ತಿತ್ತು. ಈಗ ಮೋಡದಾಗ ಹೊಕ್ಕರೂ ಏನೂ ಇಲ್ಲ."

ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಹರಿದಾಸನ ಮುಖ, ಆ ಇನ್ನೂರು ಜನ, ಮುಂದಿನ ವಾರ ಏರ್‌ಲೈನಿನವರೊಂದಿಗೆ ಇದ್ದ ಸಭೆ, ಎಲ್ಲ ಒಟ್ಟಿಗೆ ನೆನಪಾದವು. "ತೊಡೋಕೆ ಸ್ವಲ್ಪ ಹಿತವಾಗಲಿ ಅಂತ ಹದ ಮಾಡಿದ್ದೀವಿ ಸರ್. ಅಷ್ಟೇ" ಎಂದಳು.

"ಅಷ್ಟ ಏನ್ರಿ?" ಆಮೇಲೆ ಜಮಾದಾರರು ನಕ್ಕರು. "ಹಂಗಾರ ನನ್ನ ಭುಜಾನ ಮುದಿ ಆಗ್ಯಾವ ಬಿಡ್ರಿ. ನಮ್ಮಾಕಿನೂ ಅದನ್ನ ಅಂತಾಳ, ವಯಸ್ಸಾತು ನಿಮಗ, ಚರ್ಮ ದಪ್ಪ ಆಗೈತಿ ಅಂತ."

ಸುಗುಣಾಳೂ ನಕ್ಕಳು. ಆ ನಗು ಮುಂದೆ ಎಷ್ಟೋ ಸಲ ಅವಳ ಕಿವಿಗೆ ಬೀಳಲಿತ್ತು. ಫೋನಿಟ್ಟು ತಿರುಗಿ ನೋಡಿದರೆ ದೋಸೆ ಸೀದುಹೋಗಿತ್ತು.

ಅದಾದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಬನಿಯನ್ ವಿಮಾನಗಳ ಸುದ್ದಿಯೆಲ್ಲ ಹಾರುತ್ತಿರುವಾಗಲೇ ಕಂಪನಿಯ ನಿಗಾ ಕೊಠಡಿಗೆ ಬಂದು ಬೀಳುತ್ತಿತ್ತು. ಗೋಡೆಯ ಮೇಲಿನ ಪರದೆಯಲ್ಲಿ ಒಂದೊಂದು ವಿಮಾನಕ್ಕೂ ಮೂರು ಗೆರೆಗಳು: ರೆಕ್ಕೆಯದು, ಬಾಲದ್ದು, ಬನಿಯನ್ನಿನದು; ಪಕ್ಕದಲ್ಲಿ ವೇಗದ ಅಂಕಿ. ಬೇರೆ ಏನೋ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ಸುಗುಣಾಳ ಕಣ್ಣು ಕಲಬುರಗಿಗೆ ಇಳಿಯುತ್ತಿದ್ದ ವಿಮಾನದ ಮೇಲೆ ಬಿತ್ತು. ಜಮಾದಾರರ ವಿಮಾನ. ಊರಿನ ದಕ್ಷಿಣಕ್ಕೆ ಬಿಸಿಲಿಗೆ ಎದ್ದ ದೊಡ್ಡ ಮೋಡವೊಂದು ಬೆಳೆಯುತ್ತಿತ್ತು, ಅವರು ಅದರ ಮಗ್ಗುಲಲ್ಲೇ ಇಳಿಯುತ್ತಿದ್ದರು. ವೇಗ ಇನ್ನೂರ ನಲವತ್ತೈದು.

ರೆಕ್ಕೆಯ ಗೆರೆ ಗರಗಸದ ಹಲ್ಲಿನಂತೆ ಎದ್ದಿತ್ತು. ಬನಿಯನ್ನಿನ ಗೆರೆ ಅದರ ಕೆಳಗೆ ಮಲಗಿದಂತೆ ಓಡುತ್ತಿತ್ತು.

"ನಿಧಾನ" ಎಂದಳು ಸುಗುಣಾ, ಪರದೆಗೆ. ಇನ್ನೂರೈವತ್ತು. ಇನ್ನೂರೈವತ್ತೆಂಟು. ಮೂಗು ಕೆಳಗೆ ಮಾಡಿ ಇಳಿಯುತ್ತಿದ್ದ ವಿಮಾನವನ್ನು ಮೋಡದ ಗಾಳಿ ಇನ್ನಷ್ಟು ಕೆಳಕ್ಕೆ ನೂಕಿದಂತಿತ್ತು. ಈಗ ಕಾಕ್‌ಪಿಟ್ಟಿನಲ್ಲಿ ಕಟಕಟ ಬಡಿಯುತ್ತಿರಬೇಕು. ಎಂಜಿನ್ನಿನ ಬಲ ಇಳಿಸಬೇಕು, ಮೂಗು ಮೆಲ್ಲಗೆ ಎತ್ತಬೇಕು. ಅವರು ಎರಡನ್ನೂ ಮಾಡಲಿಲ್ಲ. ಒಂದು ಉಸಿರು, ಎರಡು ಉಸಿರು, ಮೂರು ಉಸಿರು, ಏನೂ ಮಾಡಲಿಲ್ಲ, ವೇಗ ಏರುತ್ತಲೇ ಹೋಯಿತು. ಆಗ ಬಾಲದ ಗೆರೆ ತೆಳ್ಳಗೆ ನಡುಗತೊಡಗಿ, ಅಗಲವಾಗಿ, ಪರದೆಯ ಅಂಚು ಮೀರಿ ಹೋಯಿತು.

ಬನಿಯನ್ನಿನ ಗೆರೆ ಎದ್ದದ್ದು ಆಮೇಲೆ.

ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ ಅರ್ಧ ಕಿತ್ತುಹೋಯಿತು. ವಿಮಾನ ಒಮ್ಮೆ ಮೇಲಕ್ಕೆ ಚಿಮ್ಮಿ, ಒಮ್ಮೆ ಕೆಳಕ್ಕೆ ಧುಮುಕಿತು. ಉಳಿದರ್ಧವನ್ನು ನಂಬಿಕೊಂಡು ಜಮಾದಾರರು ಅದನ್ನು ಕಲಬುರಗಿಯ ರನ್‌ವೇ ಮೇಲೆ ಹೇಗೆ ಇಳಿಸಿದರು ಎಂಬುದನ್ನು ಈಗಲೂ ಪೈಲಟ್‌ಗಳಿಗೆ ಪಾಠ ಮಾಡುತ್ತಾರೆ. ಪ್ರಯಾಣಿಕರೆಲ್ಲ ಬೆಲ್ಟ್ ಹಾಕಿಕೊಂಡಿದ್ದರು. ಕೆಲವರಿಗೆ ಮೂಳೆ ಮುರಿಯಿತು, ಎಲ್ಲರೂ ಬದುಕಿದರು. ಕಸ್ತೂರಿ ರಾಠೋಡ ಮಾತ್ರ ನಿಂತಿದ್ದಳು. ಛಾವಣಿಗೆ ತಲೆ ಬಡಿದು ಕತ್ತು ಮುರಿದಿತ್ತು. ವಿಮಾನ ನೆಲ ಮುಟ್ಟುವ ಹೊತ್ತಿಗೆ ಅವಳ ಉಸಿರು ನಿಂತಿತ್ತು.

ವಿಚಾರಣೆಯಲ್ಲಿ ಜಮಾದಾರರನ್ನು ಕೇಳಿದರು: ಎಚ್ಚರಿಕೆಯ ಸದ್ದು ಕೇಳಿಸಲಿಲ್ಲವೇ?

"ಕೇಳಿಸ್ತ್ರಿ."

ಹಾಗಾದರೆ ವೇಗ ಯಾಕೆ ಇಳಿಸಲಿಲ್ಲ?

"ಭುಜ ಸುಮ್ಮನಿತ್ತು. ಮುಳ್ಳ ಸುಳ್ಳ ಹೇಳಾಕತ್ತೈತಿ ಅಂದ್ಕೊಂಡೆ." ಅಷ್ಟು ಹೇಳಿ ತಲೆ ತಗ್ಗಿಸಿದರು. "ತಪ್ಪ ನಂದರೀ."

ಕೊನೆಯ ಸಾಲಿನಲ್ಲಿ ಕೂತಿದ್ದ ಸುಗುಣಾ ಎದ್ದು ನಿಂತಳು. ಹರಿದಾಸ್ ಅವಳ ಸೆರಗಿನ ತುದಿ ಹಿಡಿದು ಎಳೆದದ್ದು ಅವಳಿಗೆ ಗೊತ್ತಾಯಿತು. ಬಿಡಿಸಿಕೊಂಡು ಮುಂದೆ ಹೋಗಿ ಎಲ್ಲವನ್ನೂ ಹೇಳಿದಳು: ಎಷ್ಟು ಇಳಿಸಿದ್ದು, ಯಾಕೆ ಇಳಿಸಿದ್ದು, ಯಾರಿಗೂ ತಿಳಿಸದೆ ಇದ್ದದ್ದು, ಭಾನುವಾರದ ಫೋನು. ಜಮಾದಾರರು ತಲೆಯೆತ್ತಿ ಅವಳತ್ತ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಸಹಿಸಲು ಸುಲಭವಾಗುತ್ತಿತ್ತು.

ಬನಿಯನ್ನುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಟಿಟ್ಟಿಭದ ಮಿತಿಯನ್ನು ಇನ್ನೂರ ಮೂವತ್ತಕ್ಕೆ ಇಳಿಸಿದರು. ಹರಿದಾಸ್ ರಾಜೀನಾಮೆ ಕೊಟ್ಟ. ಸುಗುಣಾಳನ್ನು ವಿಮಾನಗಳ ಸುರಕ್ಷತೆಗೆ ಸಂಬಂಧಪಟ್ಟ ಯಾವ ಕೆಲಸವನ್ನೂ ಮಾಡದಂತೆ ತಡೆದರು. ಅವಳು ಚಿಂಚೋಳಿಗೆ ಹೋಗಿ ಕಸ್ತೂರಿಯ ತಾಯಿಯ ಮುಂದೆ ಕೂತು ಬಂದಳು. ಆ ತಾಯಿಗೆ ಬನಿಯನ್ನೂ ಗೊತ್ತಿಲ್ಲ, ನಾಟೂ ಗೊತ್ತಿಲ್ಲ. "ನಿಂತಿದ್ಲಂತಲ್ಲ, ಯಾಕ ನಿಂತಿದ್ಲು?" ಎಂದು ಒಂದೇ ಮಾತು ಕೇಳಿದಳು. ಧೈರ್ಯವಾಗಿ ನಿಂತಿದ್ದಳು, ನಾವು ಕೊಟ್ಟ ಧೈರ್ಯ ಅದು, ಎಂದು ಹೇಳಲು ಸುಗುಣಾಳಿಗೆ ಬಾಯಿ ಬರಲಿಲ್ಲ.

ಜಮಾದಾರರನ್ನು ನೋಡಲು ಹೋಗುವ ಧೈರ್ಯ ಬರಲು ಮತ್ತೊಂದು ವರ್ಷ ಬೇಕಾಯಿತು. ವಿಚಾರಣೆ ಅವರದೇನೂ ತಪ್ಪಿಲ್ಲ ಎಂದಿತ್ತು, ಏರ್‌ಲೈನ್ ಮತ್ತೆ ಕರೆದಿತ್ತು. ಅವರು ಹೋಗಿರಲಿಲ್ಲ.

ವಿಜಯಪುರದಲ್ಲಿ ಅವರ ಮನೆಯ ಬಾಗಿಲು ತೆಗೆದದ್ದು ಅವರ ಹೆಂಡತಿ ಜೈಬುನ್ನಿಸಾ. ಬಂದವಳು ಯಾರೆಂದು ತಿಳಿದ ಮೇಲೆ ಅವರ ಮುಖ ಬಿಗಿಯಿತು, ಆದರೂ "ಬರ್ರಿ ಒಳಗ" ಎಂದರು. ಜಮಾದಾರರು ಪಡಸಾಲೆಯಲ್ಲಿ ಮೊಮ್ಮಗಳೊಂದಿಗೆ ಕೂತಿದ್ದರು. ತುಂಬ ಇಳಿದುಹೋಗಿದ್ದರು.

ಸುಗುಣಾ ದಾರಿಯುದ್ದಕ್ಕೂ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದಳು. "ಸರ್, ಆವತ್ತು ಫೋನಿನಲ್ಲಿ ನಾನು..." ಎಂದಳು.

"ಬಿಡ್ರಿ ಮೇಡಂ." ಅವರು ಕೈ ಅಡ್ಡ ಮಾಡಿದರು. ಆಮೇಲೆ ತಾವೇ ಹೇಳಿದರು, "'ಹೂಂ, ಹಿಂಡೋದು ಕಡಿಮಿ ಮಾಡೀವಿ' ಅಂದಿದ್ರ ಸಾಕಿತ್ತು ನೋಡ್ರಿ. ಎಷ್ಟ ಅಂತನೂ ನಾ ಕೇಳ್ತಿದ್ದಿಲ್ಲ. ನಾ ನನ್ನ ಮೈಮ್ಯಾಲೆನ ಸಂಶಯ ಪಟ್ಟೆ. ಮತ್ತ ಆ ಹೊತ್ತಿನಾಗ ಅದೇ ಮೈನ ನಂಬಿದೆ. ಎಂಥಾ ಹುಚ್ಚ ಅಲ್ಲೇನ್ರಿ?"

ಅವಳು ಅತ್ತಳು. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

ಅಷ್ಟರಲ್ಲಿ ಮೊಮ್ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಜಮಾದಾರರು ಅವಳ ಹಣೆಯ ಮೇಲೆ ಕೈ ಇಟ್ಟರು. ತೆಗೆದರು, ಮತ್ತೆ ಇಟ್ಟರು. ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ಜೈಬೂ, ಈಕಿಗೆ ಜ್ವರ ಬಂದಾವೇನ ನೋಡು."

ಜೈಬುನ್ನಿಸಾ ಬಂದು ಮುಟ್ಟಿದರು. "ಏನೂ ಇಲ್ಲ. ತಣ್ಣಗ ಅದಾಳ. ನಿದ್ದಿ ಬಂದೈತಿ ಅಷ್ಟ."

"ಥರ್ಮಾಮೀಟರ್ ಕೊಡು."

"ಮುಂಜಾನಿಂದ ಇದು ಮೂರನೇ ಸಲ" ಎಂದರು ಜೈಬುನ್ನಿಸಾ, ಸುಗುಣಾಳ ಮುಖ ನೋಡದೆ. ಆದರೂ ತಂದುಕೊಟ್ಟರು. ಜಮಾದಾರರು ಅದನ್ನು ಮಗುವಿನ ಕಂಕುಳಲ್ಲಿ ಇಟ್ಟು, ತೋಳನ್ನು ಒತ್ತಿ ಹಿಡಿದು ಕಾದರು. ಅದು ಕೀ ಕೀ ಎಂದಾಗ ಹೊರತೆಗೆದು ಕಣ್ಣು ಕಿರಿದು ಮಾಡಿದರು. ಕನ್ನಡಕ ಹತ್ತಿರದಲ್ಲಿರಲಿಲ್ಲ. ಸುಗುಣಾಳತ್ತ ಚಾಚಿದರು.

"ಎಷ್ಟ ಐತಿ ನೋಡ್ರಿ ಮೇಡಂ."

ಅವಳು ಕಣ್ಣೊರೆಸಿಕೊಂಡು ಓದಿದಳು. "ತೊಂಬತ್ತೇಳು ಪಾಯಿಂಟ್ ಎಂಟು. ಜ್ವರ ಇಲ್ಲ ಸರ್."

ಜಮಾದಾರರು ಅವಳ ಮುಖವನ್ನೇ ತುಸು ಹೊತ್ತು ನೋಡಿದರು. ಆಮೇಲೆ ಅವಳ ಕೈಯಿಂದ ಥರ್ಮಾಮೀಟರನ್ನು ಮೆಲ್ಲಗೆ ತೆಗೆದುಕೊಂಡು, ಮಗುವಿನ ತಲೆಯನ್ನು ದಿಂಬಿಗೆ ಸರಿಸಿ ಎದ್ದು, ಒಳಗೆ ಹೋಗಿ ಕನ್ನಡಕ ಹುಡುಕಿ ತಂದರು. ಬಾಗಿಲ ಬಳಿಯ ಬಿಸಿಲಿಗೆ ನಿಂತು, ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ತಾವೇ ಓದಿಕೊಂಡರು.